ನಲವತ್ತೊಂದನೆಯ ಎಸೆತ

ಎಂಬತ್ತಮೂರು, ಅಲ್ಲ, ಬಿಸಿಲಿಗೆ ಸರಿಯಾಗಿ ಕಂಡಿಲ್ಲ, ಎಂಬತ್ತೈದೇ ಇರಬೇಕು, ಎಸೆತದ ವೇಗ ತೋರಿಸಲು ಬೇಲಿಗೆ ಕಟ್ಟಿದ ಆ ಪುಟ್ಟ ಹಲಗೆಯ ಕೆಂಪು ಅಂಕಿಗಳಲ್ಲಿ ಮೂರೂ ಐದೂ ಒಂದೇ ಥರ ಕಾಣುತ್ತವೆ, ಕುಮುದಾ ಕಣ್ಣು ಕಿರಿದು ಮಾಡಿದಳು, ಅಷ್ಟರಲ್ಲಿ ಅಂಕಿ ಆರಿಹೋಯಿತು. ಹೆಬ್ಬೆರಳು ಮಾತ್ರ ತನ್ನ ಪಾಡಿಗೆ ತನ್ನ ಕೆಲಸ ಮಾಡಿತು, ಮುಷ್ಟಿಯೊಳಗಿನ ಎಣಿಕೆಯ ಗುಂಡಿ ಒತ್ತಿತು, ಟಿಕ್, ಹದಿನಾಲ್ಕು, ಮೊದಲ ಇನ್ನಿಂಗ್ಸ್‌ಗೆ ಹದಿನಾಲ್ಕು ಎಸೆತ, ಬೇಸ್‌ಬಾಲಿನಲ್ಲಿ ಚೆಂಡು ಎಸೆಯುವ ಹದಿನಾರು ವರ್ಷದ ಪಿಚರ್‌ಗೆ ಇದಕ್ಕಿಂತ ಒಳ್ಳೆಯ ಶುರು ಬೇಕಿಲ್ಲ, ಎದುರಿಗೆ ಬಂದ ಮೂವರೂ ಬ್ಯಾಟು ಹೆಗಲಿಗೆ ಹಾಕಿಕೊಂಡು ವಾಪಸ್ಸು ಹೋದರು, ಗ್ಯಾಲರಿಯಲ್ಲಿ ಚಪ್ಪಾಳೆ, ಆ ಚಪ್ಪಾಳೆಯಲ್ಲಿ ಎಲ್ಲಕ್ಕಿಂತ ಜೋರಾದದ್ದು ಹುಡುಗನ ಅಪ್ಪ ಚಂದ್ರಮೋಹನ್‌ದು, ತಿರುಗಿ ನೋಡುವುದೇ ಬೇಡ, ಗೊತ್ತಾಗುತ್ತದೆ. ನಿತಿನ್ ಮಣ್ಣಿನ ದಿಬ್ಬದಿಂದ ಇಳಿದು ಬೆಂಚಿನ ಕಡೆ ಬರುತ್ತಿದ್ದಾನೆ, ಸುಲಿದ ಕಬ್ಬಿನ ಹಾಗೆ ಉದ್ದಕ್ಕೆ ಬೆಳೆದ ಹುಡುಗ, ಟೋಪಿಯ ಕೆಳಗೆ ನಗು, ನಡೆಯುವಾಗ ಎಡಗೈ ಬೀಸುತ್ತಿದೆ, ಬಲಗೈ ಬೀಸುತ್ತಿಲ್ಲ, ತೊಡೆಗೆ ಅಂಟಿಕೊಂಡಿದೆ — ಇಡೀ ಮೈದಾನದಲ್ಲಿ ಇದನ್ನು ಯಾರೂ ನೋಡುತ್ತಿಲ್ಲ, ನೋಡಿದರೂ ಯಾರಿಗೂ ಏನೂ ಅನ್ನಿಸುವುದಿಲ್ಲ, ಅವಳಿಗೆ ಮಾತ್ರ ಗೊತ್ತು, ಹದಿನೇಳು ದಿನಗಳಿಂದ ಅವಳಿಗೊಬ್ಬಳಿಗೇ ಗೊತ್ತು. ನಾರ್ತ್‌ರಿಜ್‌ನ ಜೂನ್ ಬಿಸಿಲು ಕಬ್ಬಿಣದ ಜಾಳಿಗೆಯ ಮೂಲಕ ಅವಳ ತೋಳಿನ ಮೇಲೆ ಚೌಕ ಚೌಕ ಬಿದ್ದಿದೆ, ಬೆಂಚಿನ ಪಕ್ಕಕ್ಕೇ ಅಂಟಿಕೊಂಡ ಈ ಜಾಳಿಗೆಯ ಆವರಣಕ್ಕೆ ಬುಲ್‌ಪೆನ್ ಅನ್ನುತ್ತಾರೆ, ಮುಂದೆ ಎಸೆಯಬೇಕಾದವರು ಕೈ ಕಾಯಿಸಿಕೊಳ್ಳುವ ಜಾಗ, ಹೋರಿ ಕಟ್ಟುವ ದೊಡ್ಡಿ ಅಂತ ಹೆಸರಿಟ್ಟ ಪುಣ್ಯಾತ್ಮ ಸರಿಯಾಗಿಯೇ ಇಟ್ಟಿದ್ದಾನೆ, ಮೂರು ಕಡೆ ಬೇಲಿ, ಒಂದು ಕಡೆ ಅಗುಳಿ ಹಾಕಿದ ಬಾಗಿಲು, ಒಳಗೆ ತಾನು, ಈ ತಂಡಕ್ಕೆ ಪಿಚಿಂಗ್ ಕಲಿಸುವ ಕೋಚ್, ನಲವತ್ತೊಂದು ವರ್ಷದ ಹೆಂಗಸು, ಬಾಯಿ ಇದ್ದೂ ಮೂಕಿ.

ಹದಿನೇಳು ದಿನದ ಹಿಂದೆ, ತಂಡದ ಊರು ಸ್ಯಾನ್ ಡಿಯಾಗೋದಲ್ಲಿ, ಅಭ್ಯಾಸ ಮುಗಿದು ಎಲ್ಲರೂ ಹೋದ ಮೇಲೆ ಅವಳು ಚೆಂಡಿನ ಚೀಲಗಳನ್ನು ಕಾರಿಗೆ ತುಂಬುತ್ತಿದ್ದಳು, ಹಿಂದೆ ಯಾರೋ ನಿಂತ ಹಾಗಾಯಿತು, ಮೈದಾನದಲ್ಲಿ ಯಾವತ್ತೂ ಕೋಚ್ ಅನ್ನುವ ನಿತಿನ್ ಅವತ್ತು ಆಂಟಿ ಅಂದ. ಆಂಟಿ, ಕ್ಯಾನ್ ಐ ಆಸ್ಕ್ ಯೂ ಸಮ್‌ಥಿಂಗ್? ಏನಾತೋ, ಕೇಳು. ಮೊಣಕೈಯ ಒಳಬದಿ ಮುಟ್ಟಿ ತೋರಿಸಿದ, ಇಲ್ಲಿ ಉರಿಯುತ್ತದೆ, ಎಸೆದ ಮೇಲೆ ಕೈತುಂಬ ಇರುವೆ ಹರಿದ ಹಾಗಾಗುತ್ತದೆ, ಎಲ್ಲ ಇಂಗ್ಲಿಷಿನಲ್ಲಿ, ಜೋಮು ಅನ್ನುವ ಮಾತು ಅವನಿಗೆ ಗೊತ್ತಿಲ್ಲ, ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದಿಲ್ಲ. ಅವಳು ಚೀಲ ಕೆಳಗಿಟ್ಟಳು, ಅವನ ಹೆಬ್ಬೆರಳು ಹಿಡಿದು ಎಮ್ಮೆಯ ಕೆಚ್ಚಲು ಎಳೆಯುವ ಹಾಗೆ ಎಳೆದಳು, ಇನ್ನೊಂದು ಕೈಯಿಂದ ಮೊಣಕೈಯ ಕೀಲು ಹಿಡಿದುಕೊಂಡಳು, ಇದೇ ನಾರ್ತ್‌ರಿಜ್‌ನ ಯೂನಿವರ್ಸಿಟಿಯಲ್ಲಿ ಮೈಮೂಳೆಗಳ ಚಲನೆಯ ಬಗ್ಗೆ ಓದುವಾಗ ಕಲಿತ ಪರೀಕ್ಷೆ, ನಾಲ್ಕು ಹುಡುಗಿಯರ ಜೊತೆ ಒಂದು ಅಪಾರ್ಟ್‌ಮೆಂಟು ಹಂಚಿಕೊಂಡು ಎರಡು ಬಸ್ಸು ಬದಲಿಸಿ ಹೋಗಿ ಕಲಿತದ್ದು, ಎಳೆದಾಗ ಒಳಗಿನ ನಾರು ಬಿಗಿಯಾಗಿ ಎದುರು ನಿಲ್ಲಬೇಕು, ನಿಲ್ಲಲಿಲ್ಲ, ಒಂದಿಷ್ಟು, ಎಳ್ಳಿನಷ್ಟು, ಸಡಿಲ. ಹುಡುಗ ಹಲ್ಲಿನ ಸಂದಿಯಿಂದ ಉಸಿರೆಳೆದುಕೊಂಡ. ಅವಳಿಗೆ ಆಗಲೇ ಗೊತ್ತಾಯಿತು, ಗೊತ್ತಾಗಲಿಲ್ಲ ಅಂತ ಯಾರ ಮುಂದೆ ಆಣೆ ಇಟ್ಟರೂ ತನ್ನ ಮುಂದೆ ಇಡಲು ಆಗುವುದಿಲ್ಲ, ಎಲುಬಿಗೆ ಎಲುಬು ಬಿಗಿಯುವ ನಾರು ಬಿಚ್ಚಿಕೊಳ್ಳಲು ಶುರು ಮಾಡಿದೆ, ಡಾಕ್ಟರ ಹತ್ತಿರ ಹೋಗಬೇಕು, ಮೊಣಕೈಯ ಸ್ಕ್ಯಾನ್ ತೆಗೆಸಬೇಕು, ಇಷ್ಟೆಲ್ಲ ಗೊತ್ತಿದ್ದೂ ಬಾಯಿಂದ ಬಂದದ್ದು ಬೇರೆ, ಸ್ನಾಯು ದಣದಾವ ಅಷ್ಟ, ಮೂರು ವಾರ ಕಡಿಮಿ ಒಗದ್ರ ಸರಿ ಆಗ್ತಾವ. ಡೋಂಟ್ ಟೆಲ್ ಡ್ಯಾಡ್, ಪ್ಲೀಸ್, ಹೆಡ್ ಕೋಚ್ ಸಾಲ್ಸಿಡೋಗೂ ಹೇಳಬೇಡಿ, ತಮ್ಮ ತಂಡಗಳಿಗೆ ಹುಡುಗರನ್ನು ಆರಿಸಲು ಕಾಲೇಜಿನವರು ಬರುವುದು ಈ ಬೇಸಿಗೆಯಲ್ಲೇ, ದಿಸ್ ಇಸ್ ದಿ ಸಮ್ಮರ್, ಆಂಟಿ. ಆತು ಬಿಡು, ಯಾರಿಗೂ ಹೇಳಂಗಿಲ್ಲ, ಪ್ರಾಮಿಸ್. ಎಷ್ಟು ಹಗುರವಾಗಿ ಹೇಳಿದಳು, ಮಗುವಿಗೆ ಚಾಕಲೇಟು ಕೊಡುವ ಹಾಗೆ, ಹುಡುಗನ ಮೇಲಿನ ಮಮತೆಗೆ ಹೇಳಿದೆ ಅಂದುಕೊಂಡಳು, ಮನೆಗೆ ಹೋಗುವ ದಾರಿಯಲ್ಲಿ ಕಾರಿನಲ್ಲೂ ಅದನ್ನೇ ಅಂದುಕೊಂಡಳು, ಮಮತೆ, ಮಮತೆ, ಅಂದುಕೊಂಡಷ್ಟೂ ಬೇರೆ ಇನ್ನೊಂದು ಮಾತು ಒಳಗಿನಿಂದ ಮೇಲೆ ಬರುತ್ತಿತ್ತು, ಚಳಿಗಾಲದ ಆ ತೂಕದ ಚೆಂಡುಗಳು.

ಅವನು ತನ್ನ ಹತ್ತಿರ ಬಂದಾಗ ಹದಿಮೂರು ವರ್ಷ, ಎಸೆತ ಗಂಟೆಗೆ ಅರವತ್ತೆರಡು ಮೈಲಿ, ಕೈ ಮಾತ್ರ ಬೀಸುತ್ತಿದ್ದ, ಕಾಲು ಬೇರೆ ಯಾರದೋ ಅನ್ನುವ ಹಾಗೆ ಹಿಂದೆ ಉಳಿಯುತ್ತಿತ್ತು. ಎಸೆತ ಕೈಯಿಂದ ಹುಟ್ಟುವುದಿಲ್ಲ ನಿತಿನ್, ಹಿಮ್ಮಡಿಯಿಂದ ಹುಟ್ಟುತ್ತದೆ, ಭೂಮಿಯಿಂದ ಮೇಲೇರಿ ಸೊಂಟಕ್ಕೆ ಬಂದು ಹೆಗಲಿಗೆ ಹೋಗಿ ಕಟ್ಟಕಡೆಗೆ ಬೆರಳು, ಧಾರವಾಡದ ಮೈದಾನದಲ್ಲಿ ಭರ್ಚಿ ಎಸೆಯುತ್ತಿದ್ದಾಗ ಮೈಗೆ ಹತ್ತಿದ್ದನ್ನೇ ಅವನಿಗೆ ಹೇಳಿಕೊಟ್ಟಳು, ಚೆಂಡಿನ ಬದಲು ಕೈಗೆ ಟವೆಲ್ ಕೊಟ್ಟು ಕನ್ನಡಿಯ ಮುಂದೆ ನಿಲ್ಲಿಸಿ ದಿನಕ್ಕೆ ಐವತ್ತು ಸಲ ಬೀಸಿಸಿದಳು, ನಿಧಾನದ ಚೆಂಡು ಕಲಿಸಿದಳು, ಕೈ ಜೋರಾಗಿ ಬರಬೇಕು ಚೆಂಡು ಮೆಲ್ಲಗೆ ಹೋಗಬೇಕು, ಬ್ಯಾಟಿನವನು ಮೊದಲೇ ಬೀಸಿ ಪೆದ್ದನಾಗಬೇಕು, ಆರು ತಿಂಗಳು ಅದು ಅವನಿಗೆ ಬರಲಿಲ್ಲ, ಬಂದ ದಿನ ಅವನಿಗಿಂತ ಜಾಸ್ತಿ ಇವಳೇ ಕುಣಿದಳು. ಅರವತ್ತೆರಡು ಎಪ್ಪತ್ತಾಯಿತು, ಎಪ್ಪತ್ತು ಎಪ್ಪತ್ತೊಂಬತ್ತಾಯಿತು, ಅಲ್ಲಿಗೆ ನಿಂತುಬಿಟ್ಟಿತು, ಇಡೀ ಒಂದು ವರ್ಷ ನಿಂತಿತು, ಬೆಳೆಯಲು ಬಿಟ್ಟಿದ್ದರೆ ತಾನಾಗಿ ಬೆಳೆಯುತ್ತಿತ್ತು, ಮೂಳೆ ಇನ್ನೂ ಎಳೆಯದು, ಆದರೆ ಮೈದಾನದ ಎದುರಿನ ಜಿಮ್ಮಿನ ಕೋಚ್‌ನ ಹುಡುಗರು ಎಂಬತ್ತೈದು ಎಸೆಯುತ್ತಿದ್ದರು, ಈ ಹೆಂಗಸಿಗೆ ವೇಗ ಬೆಳೆಸುವುದು ಗೊತ್ತಿಲ್ಲ ಅಂತ ಯಾರೋ ಅಪ್ಪ ಇನ್ಯಾರಿಗೋ ಹೇಳಿದ್ದು ಅವಳ ಕಿವಿಗೂ ಬಿತ್ತು, ಹೇಳಿದವನು ಶುರುವಿನ ತಿಂಗಳಲ್ಲಿ ಇವಳನ್ನು ಕೆಲಸದಾಕೆ ಅಂದುಕೊಂಡು ನೀರಿನ ಬಾಟಲಿ ಎಲ್ಲಿಟ್ಟಿದ್ದೀರಿ ಅಂತ ಕೇಳಿದ ಅಪ್ಪಂದಿರಲ್ಲೊಬ್ಬ. ಡಿಸೆಂಬರಿನಲ್ಲಿ ಎರಡರಷ್ಟು ತೂಕದ ಚೆಂಡುಗಳನ್ನು ಹುಡುಗರ ಕೈಗೆ ಕೊಟ್ಟಳು, ಎಂಟು ವಾರ ಅಂತ ಬರೆದಿಟ್ಟಿದ್ದ ಕ್ರಮವನ್ನು ನಿತಿನ್‌ಗೆ ಮಾತ್ರ ಹದಿನಾಲ್ಕು ವಾರ ಮಾಡಿಸಿದಳು, ಮಾರ್ಚ್‌ನಲ್ಲಿ ಎಂಬತ್ತಾರು ಬಂತು, ಚಂದ್ರಮೋಹನ್ ಮೈಸೂರು ಪಾಕಿನ ಡಬ್ಬಿ ತಂದುಕೊಟ್ಟರು, ನಿಮ್ಮ ಕೈಗುಣ ಮೇಡಂ ಅಂದರು. ಕೈಗುಣ. ಹುಡುಗ ಮೊಣಕೈ ತೋರಿಸಿದ ಗಳಿಗೆಯಲ್ಲೇ ಅವಳಿಗೆ ಆ ಹೆಚ್ಚಿನ ಆರು ವಾರ ನೆನಪಾಗಿತ್ತು, ಡಾಕ್ಟರ ಹತ್ತಿರ ಹೋದರೆ ಮೊದಲು ಕೇಳುವುದೇ ಅದು, ಚಳಿಗಾಲದಲ್ಲಿ ಏನು ಮಾಡಿಸಿದಿರಿ, ಯಾರು ಮಾಡಿಸಿದರು.

ಹಾಗಾಗಿ ಮರುದಿನವೇ ಒಂದು ಉಪಾಯ ಮಾಡಿದಳು, ಆಗ ಜಾಣತನ ಅನ್ನಿಸಿತ್ತು. ಹೆಡ್ ಕೋಚ್ ಸಾಲ್ಸಿಡೋನ ಕೋಣೆಯ ಗೋಡೆಯ ಮೇಲೆ ಒಂದು ಬಿಳಿ ಹಲಗೆ, ಎಡಕ್ಕೆ ಸ್ಟಾರ್ಟರ್‌ಗಳ ಹೆಸರು, ಆಟ ಶುರು ಮಾಡಿ ಐದಾರು ಇನ್ನಿಂಗ್ಸ್ ಹೊತ್ತುಕೊಂಡು ಹೋಗುವವರು, ನೂರರ ಹತ್ತಿರ ಎಸೆಯುವವರು, ಬಲಕ್ಕೆ ಬುಲ್‌ಪೆನ್ನಿನವರು, ಕೊನೆಗೆ ಬಂದು ಹದಿನೈದು ಇಪ್ಪತ್ತು ಎಸೆದು ಮುಗಿಸುವವರು. ಹದಿನೈದು ದಿನಕ್ಕೊಮ್ಮೆ ಅದರ ಮುಂದೆ ನಿಂತು ಅವನು ಕೇಳುತ್ತಾನೆ, ಯಾರನ್ನು ಯಾವ ಕಡೆಗೆ, ಕೇಳುವುದು ಅವಳನ್ನೇ, ಸಣ್ಣ ಲೀಗುಗಳಲ್ಲಿ ಒಂಬತ್ತು ವರ್ಷ ಎಸೆದು ಬಂದ ದೊಡ್ಡ ಮನುಷ್ಯ ಅವಳ ಮಾತಿಗೆ ಕಿವಿ ಕೊಡುತ್ತಾನೆ, ಅದೇ ಕಷ್ಟ. ನಿತಿನ್‌ನ ಬಲಕ್ಕೆ ಹಾಕು ಅಂದಳು. ಅವನು ಬಾಯಲ್ಲಿದ್ದ ಸೂರ್ಯಕಾಂತಿ ಬೀಜದ ಸಿಪ್ಪೆ ಉಗಿದು ತಿರುಗಿ ನೋಡಿದ, ಮೂರು ಥರ ಎಸೆಯುವ ಹುಡುಗನನ್ನು ಬುಲ್‌ಪೆನ್ನಿಗಾ, ಕಾರಣ ಹೇಳು. ಕಾರಣ ಮೊಣಕೈ, ಆದರೆ ಮೊಣಕೈ ಅನ್ನುವಂತಿಲ್ಲವಲ್ಲ, ನಾಲಿಗೆ ತಾನೇ ಒಂದು ಕಾರಣ ಹುಡುಕಿಕೊಂಡಿತು, ಉದ್ದದ ಆಟಕ್ಕೆ ಅವನ ಮನಸ್ಸು ಸಾಲದು, ಒಂದು ರನ್ ಹೋದರೆ ಕುಸಿಯುತ್ತಾನೆ. ಸುಳ್ಳು, ಅಪ್ಪಟ ಸುಳ್ಳು, ಕುಸಿಯುವ ಹುಡುಗನೇ ಅಲ್ಲ ಅವನು, ಏಪ್ರಿಲ್‌ನಲ್ಲಿ ನಾಲ್ಕು ರನ್ ಕೊಟ್ಟ ಮೇಲೂ ನಗುತ್ತ ಬಂದು ಬಾಳೆಹಣ್ಣು ತಿಂದವನು. ಸಾಲ್ಸಿಡೋ ಒಪ್ಪಿದ, ಮುಚ್ಚುಮರೆ ಗೊತ್ತಿಲ್ಲದ ಮನುಷ್ಯ, ಹುಡುಗನನ್ನು ಕರೆದು ಅವಳೆದುರಿಗೇ ಹೇಳಿದ, ನಿನ್ನ ಕೋಚ್ ಹೇಳುತ್ತಾಳೆ ನಿನಗೆ ಇನ್ನೂ ಸ್ಟಾರ್ಟರ್‌ನ ಮನಸ್ಸು ಬಂದಿಲ್ಲ ಅಂತ. ನಿತಿನ್ ಅವಳ ಕಡೆ ನೋಡಿದ, ನಿಜವಾದ ಕಾರಣ ಇಬ್ಬರಿಗೂ ಗೊತ್ತು ಅಂತ ಅವಳು ಕಣ್ಣಲ್ಲೇ ಹೇಳಲು ನೋಡಿದಳು, ಅವನ ಕಣ್ಣು ಅದನ್ನು ತೆಗೆದುಕೊಳ್ಳಲಿಲ್ಲ, ಕೈ ಬರೀ ದಣಿದಿದೆ ಅಂತ ಹೇಳಿದ್ದವಳು ಅವಳೇ ಅಲ್ಲವೇ, ದಣಿದ ಕೈಗೆ ಇಷ್ಟು ದೊಡ್ಡ ಶಿಕ್ಷೆ ಯಾಕೆ, ಹಾಗಾದರೆ ಮನಸ್ಸಿನ ಮಾತೇ ನಿಜ. ಮರುದಿನ ಫೋರ್ ಎಸ್ ರ್ಯಾಂಚ್ ಬಡಾವಣೆಯ ಮನೆಯಿಂದ ಚಂದ್ರಮೋಹನ್ ಫೋನು ಮಾಡಿದರು. ಕುಮುದಾ ಅವ್ರೆ, ಒಂದ್ ಮಾತ್ ಕೇಳ್ತೀನಿ, ಬೇಜಾರ್ ಮಾಡ್ಕೋಬೇಡಿ, ಅವನಿಗೆ ಮನಸ್ಸು ಸಾಲ್ದು ಅಂದ್ರಂತೆ. ಹಂಗಲ್ರಿ, ಬುಲ್‌ಪೆನ್ನಾಗ ಇರೋದೂ ದೊಡ್ಡ ಕೆಲಸಾನ. ಅದೆಲ್ಲ ನಂಗೊತ್ತು ಮೇಡಂ, ನಾನು ಬೆಂಗಳೂರಲ್ಲಿ ಟೆನಿಸ್ ಬಾಲ್ ಕ್ರಿಕೆಟ್ ಬಿಟ್ರೆ ಏನೂ ಆಡಿದವನಲ್ಲ, ಆದ್ರೂ ಮೂರ್ ವರ್ಷದಿಂದ ಕೂತು ಕಲ್ತಿದೀನಿ, ಬೇರೆ ಯಾರಾದ್ರೂ ಅಂದಿದ್ರೆ ಬಿಡು ಅಂತಿದ್ದೆ, ನೀವಂದ್ರಲ್ಲ, ಅದಕ್ಕೆ ಹುಡುಗ ಊಟ ಬಿಟ್ಟಿದಾನೆ. 

ಟಿಕ್, ಇಪ್ಪತ್ತೊಂದು, ಟಿಕ್, ಇಪ್ಪತ್ತೆರಡು, ಎರಡನೇ ಇನ್ನಿಂಗ್ಸ್ ಯಾವಾಗ ಶುರುವಾಯಿತು, ಎಂಬತ್ತೆರಡು, ಈ ಸಲ ಅಂಕಿ ಸ್ಪಷ್ಟ. ಇವತ್ತು ಬೆಳಿಗ್ಗೆ ಬಸ್ಸು ಲಾಸ್ ಏಂಜಲೀಸ್ ದಾಟುವಾಗ ಆಸ್ಕರ್‌ಗೆ ವಾಂತಿ ಶುರುವಾಯಿತು, ಇವತ್ತು ಆಟ ಶುರು ಮಾಡಬೇಕಿದ್ದವನು ಅವನು, ಸಾಲ್ಸಿಡೋ ಹಿಂದಿನ ಸೀಟಿನ ಕಡೆ ತಿರುಗಿ ಕೂಗಿದ, ನಿತಿನ್, ಇವತ್ತು ನೀನು. ಆ ಮುಖ, ಅಯ್ಯೋ ಆ ಮುಖ, ಹಾಲುಕ್ಕಿದ ಹಾಗೆ ನಗು. ಸಾಲ್ಸಿಡೋ ಅವಳ ಕಡೆ ಬಾಗಿ ಅಂದ, ಮನಸ್ಸು ಸಾಲದು ಅಂದೆಯಲ್ಲ, ನೋಡಿಯೇ ಬಿಡೋಣ, ಮೂರು ಕಾಲೇಜಿನವರು ಬರುತ್ತಾರೆ. ಆಗ ಹೇಳಬಹುದಿತ್ತು, ಬಸ್ಸಿನಲ್ಲಿ, ಇಪ್ಪತ್ತು ನಿಮಿಷ ಇತ್ತು, ಹೇಳಲಿಲ್ಲ. ಹೇಳಿದರೆ ಮೊದಲ ಪ್ರಶ್ನೆ ಯಾವಾಗಿನಿಂದ, ಎರಡನೆಯದು ಯಾಕೆ ಹೇಳಲಿಲ್ಲ, ಮೂರನೆಯದು ಚಳಿಗಾಲದ್ದು, ಹುಡುಗನ ನೋವು ಮುಚ್ಚಿಟ್ಟ ಕೋಚ್‌ಗೆ ಇನ್ನೊಬ್ಬ ಹುಡುಗನನ್ನು ಯಾರು ಕೊಡುತ್ತಾರೆ, ಹೇಳದಿದ್ದರೆ ಆ ನಾರು, ಒಂದೊಂದು ಎಸೆತಕ್ಕೂ ಒಂದೊಂದು ಎಳೆ. ಬುಲ್‌ಪೆನ್ನಿನಲ್ಲಿ ಕೈ ಕಾಯಿಸುವಾಗ ಕೇಳಿದಳು, ಎಷ್ಟು ಉರೀತದ, ಹತ್ತರಾಗ ಎಷ್ಟು. ಝೀರೋ, ಕೋಚ್. ಖರೇ ಹೇಳು. ಝೀರೋ. ಅವನು ಸುಳ್ಳು ಹೇಳುವುದನ್ನು ಎಷ್ಟು ಬೇಗ ಕಲಿತ, ಕಲಿಸಿದವರು ಯಾರು, ನಿಧಾನದ ಚೆಂಡಿಗೆ ಆರು ತಿಂಗಳು ಬೇಕಾಯಿತು, ಇದಕ್ಕೆ ಹದಿನೇಳು ದಿನ ಸಾಕಾಯಿತು. ಹಾಗಾದರೆ ಹುಷಾರಾಗಿ ಒಗಿ, ಅವಳೇ ಅಂದಳು, ಕಾಲೇಜಿನವರು ಹೋಗೂತನಕ ಅಷ್ಟ, ಅಂದ ಮೇಲೆ ನಾಲಿಗೆಯ ಮೇಲೆ ಕಹಿ, ಈ ಮಾತು ಅವಳದಲ್ಲ, ಬೇರೆ ಬಾಯಿಂದ ಕೇಳಿದ್ದು, ಸೆಲೆಕ್ಷನ್ನಿನವ್ರು ಹೋಗೂತನಕ ಅಷ್ಟ ತಡಿ ಕುಮುದಾ, ಇನ್ನೊಂದ ಒಂದು ಒಗಿ.

ಶಿವಲಿಂಗಯ್ಯ ಮಾಸ್ತರರು. ಧಾರವಾಡದ ಕ್ರೀಡಾ ಹಾಸ್ಟೆಲಿನ ಕೋಚ್, ಕೆಟ್ಟವರಾಗಿದ್ದರೆ ಎಷ್ಟು ಚೆನ್ನಾಗಿತ್ತು, ಬೈದು ಮರೆತುಬಿಡಬಹುದಿತ್ತು, ಕೆಟ್ಟವರಲ್ಲ, ತಮ್ಮ ಮನೆಯ ಕೋಳಿಯ ಮೊಟ್ಟೆ ಕುದಿಸಿ ಅಂಗಿಯ ಜೇಬಿನಲ್ಲಿಟ್ಟುಕೊಂಡು ತರುತ್ತಿದ್ದರು, ಇನ್ನೂ ಬೆಚ್ಚಗಿರುತ್ತಿತ್ತು. ಗದಗಿನ ಕಡೆಯ ಹಳ್ಳಿಯಿಂದ ಬಂದ ಹುಡುಗಿ ಕಲ್ಲು ಎಸೆಯುವುದನ್ನು ನೋಡಿ ಭರ್ಚಿ ಕೈಗೆ ಕೊಟ್ಟವರು, ನೀ ಓಡೂದು ಬ್ಯಾಡ, ಜಿಗಿಯೂದು ಬ್ಯಾಡ, ನೀ ಒಗ್ಯಾಕ ಹುಟ್ಟೀದಿ ಅಂತ ಅವಳ ಬದುಕನ್ನೇ ನಿರ್ಧರಿಸಿದವರು. ಹದಿನೆಂಟು ತುಂಬಿರಲಿಲ್ಲ, ಬೆಂಗಳೂರಿನಲ್ಲಿ ರಾಜ್ಯದ ಆಯ್ಕೆ, ಮೊಣಕೈ ಉರೀತದರಿ ಸರ್ ಅಂತ ಹಿಂದಿನ ದಿನವೇ ಹೇಳಿದ್ದಳು, ಅವರು ಅತ್ತಿತ್ತ ನೋಡಿ ದನಿ ತಗ್ಗಿಸಿದ್ದರು, ಯಾರ ಮುಂದೂ ಅನಬ್ಯಾಡವಾ. ನಾಲ್ಕನೇ ಸಲ ಎಸೆದಾಗ ಹಸಿ ಬಟ್ಟೆ ಹರಿದ ಸದ್ದು, ಭರ್ಚಿ ಹತ್ತು ಮೀಟರಿನ ಮುಂದೆ ಅಡ್ಡಬಿತ್ತು. ಆಸ್ಪತ್ರೆಯಲ್ಲಿ ಅವರು ಮೂರು ದಿನ ಕೂತರು, ಒಂದು ಮಾತೂ ಆಡಲಿಲ್ಲ, ಅವಳೂ ಆಡಲಿಲ್ಲ, ಇವರು ಆವತ್ತು ಒಂದೇ ಒಂದು ಸಲ ಬ್ಯಾಡ ಅಂದಿದ್ದರೆ ಅನ್ನುವುದು ಮಾತ್ರ ಇಪ್ಪತ್ಮೂರು ವರ್ಷದಿಂದ ಎದೆಯೊಳಗೆ ಬೀಸುವ ಕಲ್ಲಿನ ಹಾಗೆ ತಿರುಗುತ್ತಿದೆ, ಆ ಕಲ್ಲನ್ನೇ ಕಟ್ಟಿಕೊಂಡು ಇಲ್ಲಿಗೆ ಬಂದಳು, ಓದಿದಳು, ತನ್ನ ಕೈ ಕೆಳಗೆ ಬಂದ ಯಾವ ಮಗುವಿಗೂ ಹಾಗಾಗಲು ಬಿಡುವುದಿಲ್ಲ ಅಂತ ಕೆಲಸದ ಸಂದರ್ಶನದಲ್ಲಿ ಹೇಳಿದಳು, ಸಾಲ್ಸಿಡೋ ಅವಳನ್ನು ತೆಗೆದುಕೊಂಡದ್ದೇ ಆ ಮಾತಿಗೆ.

ಟಿಕ್, ಮೂವತ್ತೆಂಟು. ಮೂರನೇ ಇನ್ನಿಂಗ್ಸ್, ಇಬ್ಬರು ಔಟಾಗಿದ್ದಾರೆ, ಇನ್ನೊಬ್ಬ ಔಟಾದರೆ ಹುಡುಗ ಬೆಂಚಿಗೆ ಬರುತ್ತಾನೆ, ಆಗ ಹೇಳುತ್ತೇನೆ, ಆಗ ಖಂಡಿತ, ಅವನನ್ನು ಎಲ್ಲರ ಮುಂದೆ ಇಳಿಸಿದ ಹಾಗಾಗುವುದಿಲ್ಲ. ಟಿಕ್, ಮೂವತ್ತೊಂಬತ್ತು, ಎಂಬತ್ತೊಂದು. ಕಾಲೇಜಿನವರಲ್ಲೊಬ್ಬ ಪುಸ್ತಕ ಮುಚ್ಚಿದ. ಟಿಕ್, ನಲವತ್ತು, ಎಪ್ಪತ್ತೆಂಟು, ಇದು ನಿಧಾನದ ಚೆಂಡಲ್ಲ, ನಿಧಾನದ ಚೆಂಡಾಗಿದ್ದರೆ ಕೈ ಜೋರಾಗಿ ಬರುತ್ತಿತ್ತು, ಕೈಯೇ ಕೆಳಗಿಳಿದಿದೆ, ಕಿವಿಯ ಮೇಲಿಂದ ಬರಬೇಕಾದ ಕೈ ಹೆಗಲಿನ ಮಟ್ಟಕ್ಕೆ ಬರುತ್ತಿದೆ, ನೋವು ತಪ್ಪಿಸಿಕೊಳ್ಳಲು ದಾರಿ ಹುಡುಕುತ್ತಿದೆ. ನಲವತ್ತೊಂದು. ಚೆಂಡು ಕ್ಯಾಚರ್‌ನ ತಲೆಯ ಎರಡು ಮೊಳ ಮೇಲಿಂದ ಹೋಗಿ ಹಿಂದಿನ ಬೇಲಿಗೆ ಬಡಿಯಿತು, ಜಾಳಿಗೆ ಝಣಝಣ ಅಂತು, ಗ್ಯಾಲರಿಯಲ್ಲಿ ಓ ಅಂದರು, ನಿತಿನ್ ಬಗ್ಗಿ ಬೂಟಿನ ಲಾಡಿ ಬಿಗಿಯುತ್ತಿದ್ದಾನೆ, ಎಡಗೈಯಲ್ಲಿ, ಬರೀ ಎಡಗೈಯಲ್ಲಿ ಯಾರಾದರೂ ಲಾಡಿ ಬಿಗಿಯುತ್ತಾರೆಯೇ — ಅಗುಳಿ ತೆಗೆದದ್ದು ಅವಳಿಗೆ ನೆನಪಿಲ್ಲ, ಸಾಲ್ಸಿಡೋನ ಮುಂದೆ ನಿಂತಿದ್ದಾಳೆ. ಅವನ ಮೊಣಕೈ, ಅಂದಳು, ಒಳಗಿನ ನಾರು, ಈಗಲೇ ಇಳಿಸು. ಈಗ ಗೊತ್ತಾಯಿತಾ? ಇಲ್ಲ. ಮತ್ತೆ ಯಾವಾಗಿನಿಂದ ಗೊತ್ತು ನಿನಗೆ? ಹದಿನೇಳು ದಿನ. ಅವನ ದವಡೆ ನಿಂತಿತು, ಬೀಜದ ಸಿಪ್ಪೆ ತುಟಿಗೆ ಅಂಟಿಕೊಂಡೇ ಇತ್ತು, ಬೈಯುತ್ತಾನೆ ಅಂದುಕೊಂಡಳು, ಬೈಯಲಿಲ್ಲ, ತಗ್ಗಿದ ದನಿಯಲ್ಲಿ ಹೇಳಿದ, ನೀನೇ ಹೋಗಿ ಇಳಿಸು, ಅವನಪ್ಪನಿಗೆ ನೀನೇ ಹೇಳು, ಆಮೇಲೆ ಬುಲ್‌ಪೆನ್ನಿನ ಹುಡುಗ ಮಟೇಯೋನ ಕೈ ಕಾಯಿಸು, ನನ್ನ ಹತ್ತಿರ ಬೇರೆ ಯಾರೂ ಇಲ್ಲ, ಉಳಿದದ್ದು ಆಟ ಮುಗಿದ ಮೇಲೆ.

ಬೆಂಚಿನಿಂದ ದಿಬ್ಬಕ್ಕೆ ಎಷ್ಟು ದೂರ, ಮೂವತ್ತು ಹೆಜ್ಜೆ, ಎಲ್ಲರೂ ನೋಡುತ್ತಿದ್ದಾರೆ, ಕ್ಯಾಚರ್ ಹುಡುಗ ಮುಖದ ಕವಚ ತೆಗೆದು ಪಕ್ಕಕ್ಕೆ ಬಂದು ನಿಂತ, ಅವನಿಗೆ ತಿಳಿಯದಿರಲಿ ಅಂತ ಕನ್ನಡದಲ್ಲೇ ಅಂದಳು, ಚೆಂಡು ಕೊಡಪಾ ನಿತಿನ್. ಟೂ ಔಟ್ಸ್, ಕೋಚ್, ಇನ್ನೊಬ್ಬನೇ, ಲೆಟ್ ಮೀ ಫಿನಿಶ್. ಸಾಕು. ಐ ಆಮ್ ಫೈನ್. ನಾ ಹೇಳಿಬಿಟ್ಟೆ, ಎಲ್ಲಾ. ಯೂ ಟೋಲ್ಡ್ ಹಿಮ್? ಬೆವರು ಅವನ ಗಲ್ಲದಿಂದ ಇಳಿಯುತ್ತಿತ್ತು, ಬೆವರೇ ಅಂದುಕೊಂಡಳು. ನನಗೆ ಮನಸ್ಸು ಸಾಲದು ಅಂತ ಸಾಲ್ಸಿಡೋ ಅಂದಾಗ ನೀವು ಸುಮ್ಮನಿದ್ದಿರಿ, ಅಂದ, ಇಂಗ್ಲಿಷಿನಲ್ಲೇ, ದನಿ ಏರಿಸದೆ, ಆಗ ಹೇಳಬಹುದಿತ್ತು, ಇವತ್ತು ಯಾಕೆ, ವೈ ಟುಡೇ. ಅವಳು ಚಾಚಿದ ಕೈ ಹಾಗೇ ಚಾಚಿಕೊಂಡಿತ್ತು, ಅವನು ಚೆಂಡನ್ನು ಅದರೊಳಗೆ ಇಡಲಿಲ್ಲ, ಮಣ್ಣಿನ ಮೇಲೆ ಬಿಟ್ಟು ನಡೆದ, ಅವಳು ಬಗ್ಗಿ ಎತ್ತಿಕೊಂಡಳು.

ಚಂದ್ರಮೋಹನ್ ಆಗಲೇ ಗ್ಯಾಲರಿ ಇಳಿದು ಬೇಲಿಯ ಹತ್ತಿರ ಬಂದಿದ್ದರು, ಜಾಳಿಗೆಯ ತೂತುಗಳಲ್ಲಿ ಬೆರಳು ತೂರಿಸಿಕೊಂಡು ನಿಂತಿದ್ದರು. ಏನ್ ಮೇಡಂ, ಒಂದ್ ಚೆಂಡು ತಪ್ಪಿದ್ದಕ್ಕೆ ಇಳಿಸ್ಬಿಟ್ರಾ, ಮನಸ್ಸು ಸಾಲ್ದು ಅಂತ ತೋರಿಸ್ಲೇಬೇಕಿತ್ತಾ ನಿಮಗೆ? ಮನಸ್ಸಿಂದಲ್ರಿ, ಅವಳು ಅಂದಳು, ಮನಸ್ಸಿನ ಮಾತು ನಾ ಹೇಳಿದ್ದು ಸುಳ್ಳು, ಮೊಣಕೈಯಾಗ ನಾರು ಹರೀಲಿಕ್ಕ ಹತ್ತೇದ, ಅವನಿಗೆ ನೋವದ, ಕೈಗೆ ಜೋಮು ಬರತದ, ಎರಡೂವರಿ ವಾರದಿಂದ ನನಗ ಗೊತ್ತಿತ್ತು, ಕೈಗೆ ವಿಶ್ರಾಂತಿ ಸಿಗಲಿ ಅಂತ ಬುಲ್‌ಪೆನ್ನಿಗೆ ಹಾಕಿಸಿದೆ, ನಿಮಗ ಹೇಳಲಿಲ್ಲ, ತಪ್ಪು ನಂದು. ಬೈಗುಳಕ್ಕೆ ಸಿದ್ಧವಾಗಿ ನಿಂತಳು. ಅವರು ಬೈಯಲಿಲ್ಲ, ಮುಖದ ಬಣ್ಣ ಮಾತ್ರ ಇಳಿಯಿತು, ವಿಶ್ರಾಂತಿನಾ ಅಂದರು, ಯಾವ್ ವಿಶ್ರಾಂತಿ ಮೇಡಂ? ದಿನಾ ಆಫೀಸಿಂದ ಬಂದು ಹಿತ್ತಲಲ್ಲಿ ಎಸೆಸ್ತಿದ್ದೆನಲ್ಲ, ನಾನೇ ಬಕೆಟ್ ಬೋರಲು ಹಾಕ್ಕೊಂಡು ಕೂತು ಹಿಡೀತಿದ್ದೆ, ಐವತ್ತು, ಒಂದೊಂದ್ ದಿನ ಅರವತ್ತು, ಕುಮುದಾ ಆಂಟಿಗೆ ತೋರಿಸ್ಬೇಕು ನಿನಗೆ ಮನಸ್ಸಿದೆ ಅಂತ ನಾನೇ ಹುರಿದುಂಬಿಸಿದೆ, ಸಾಕಪ್ಪ ಅಂದ ಎರಡು ಸಲ, ಹೌದು, ಅಂದ, ಇನ್ನೊಂದು ಎಸಿ ಮಗಾ ಅಂದೆ ನಾನು. ಅವರ ಬೆರಳುಗಳು ಜಾಳಿಗೆಯಲ್ಲೇ ಸಿಕ್ಕಿಕೊಂಡಿದ್ದವು, ಬಿಡಿಸಿಕೊಳ್ಳುವುದು ಮರೆತವರ ಹಾಗೆ. ಆ ಫೋನು ಬಂದ ದಿನದಿಂದ ಹದಿನೈದು ದಿನ, ದಿನಕ್ಕೆ ಐವತ್ತು, ಅವಳ ತಲೆ ತಾನಾಗಿ ಗುಣಿಸಿತು, ನಿಲ್ಲಿಸಲು ಆಗಲಿಲ್ಲ, ಏಳುನೂರೈವತ್ತು, ಗುಂಡಿ ಒತ್ತದೆ ಹೋದ ಏಳುನೂರೈವತ್ತು ಎಸೆತ, ತನ್ನ ಒಂದು ಮಾತಿನಿಂದ ಹುಟ್ಟಿದವು. ಅವಳು ಏನೋ ಹೇಳಲು ಹೋದಳು. ಬೇಡ ಮೇಡಂ, ಅಂದರು ಚಂದ್ರಮೋಹನ್, ಈಗ ಏನೂ ಹೇಳ್ಬೇಡಿ, ಅವನೆಲ್ಲಿ.

ಮತ್ತೆ ಜಾಳಿಗೆ, ಮತ್ತೆ ಅಗುಳಿ, ಮಟೇಯೋ ಎಸೆಯುತ್ತಿದ್ದಾನೆ, ಹದಿನೈದು ವರ್ಷ, ಗಲ್ಲದ ಮೇಲೆ ಇನ್ನೂ ಮೊಡವೆ, ಅವನಿಗೂ ಡಿಸೆಂಬರಿನಲ್ಲಿ ತೂಕದ ಚೆಂಡು ಕೊಟ್ಟಿದ್ದಳು, ನಿನ್ನ ಕೈ ಹೇಗಿದೆ ಅಂತ ಕೇಳಿದಳು, ಗುಡ್, ಕೋಚ್, ನಿಜವಾಗಿ ಹೇಗಿದೆ ಅಂತ ಕೇಳಿದಳು, ಅವನು ವಿಚಿತ್ರವಾಗಿ ನೋಡಿದ, ಅವನು ನಿಜ ಹೇಳುತ್ತಿದ್ದಾನೋ ಇಲ್ಲವೋ ಇನ್ನು ಮೇಲೆ ಅವಳಿಗೆ ಹೇಗೆ ಗೊತ್ತಾಗಬೇಕು, ಚೆಂಡು ಗ್ಲೌಸಿಗೆ ಬಿದ್ದ ಸದ್ದು, ಧಪ್, ಧಪ್, ಇಲ್ಲಿಂದ ಹೊರಗೆ ಹೋಗುವಂತಿಲ್ಲ, ಆಟ ಮುಗಿಯುವ ತನಕ ಇಲ್ಲೇ ನಿಂತು ಇನ್ನೊಂದು ಕೈಯನ್ನು ಕಾಯಿಸಬೇಕು, ಶಿವಲಿಂಗಯ್ಯ ಮಾಸ್ತರರು ಮಾತಾಡದೆ ಕೂತ ಆ ಮೂರು ದಿನ ಒಳಗೆ ಏನು ಮಾಡುತ್ತಿದ್ದರು, ಈಗ ಕೇಳಬೇಕು, ಈಗ ಅವರಿಲ್ಲ. ಧಪ್. ಬೆಂಚಿನ ಈ ತುದಿ ಜಾಳಿಗೆಯಿಂದ ಮಾರು ದೂರವೂ ಇಲ್ಲ, ನಿತಿನ್ ಅಲ್ಲಿ ಕೂತಿದ್ದಾನೆ, ಟೋಪಿ ತೊಡೆಯ ಮೇಲೆ, ಯಾರು ಒಳಗೆ ಬಿಟ್ಟರೋ ಚಂದ್ರಮೋಹನ್ ಒಳಗೆ ಬಂದಿದ್ದಾರೆ, ಮಗನ ಮುಂದೆ ಸಿಮೆಂಟಿನ ನೆಲಕ್ಕೆ ಮೊಣಕಾಲೂರಿದ್ದಾರೆ, ಅವನ ಬಲಗೈಯನ್ನು ತಮ್ಮ ಎಡ ಅಂಗೈಯಲ್ಲಿ ಮಲಗಿಸಿಕೊಂಡು ಬೆರಳುಗಳನ್ನು ಒಂದೊಂದಾಗಿ ಒತ್ತುತ್ತಿದ್ದಾರೆ. ಹೆಬ್ಬೆರಳು, ಇದು ಗೊತ್ತಾಗುತ್ತಾ, ಹುಡುಗ ತಲೆಯಾಡಿಸಿದ. ತೋರುಬೆರಳು, ಇದು, ಹೂಂ. ನಡುಬೆರಳು, ಹೂಂ. ಉಂಗುರದ ಬೆರಳು, ಹುಡುಗ ತಡೆದ, ಆಮೇಲೆ ತಲೆಯಾಡಿಸಿದ, ಸುಳ್ಳೋ ನಿಜವೋ. ಕಿರುಬೆರಳು. ಇದು? ಹುಡುಗ ಮೈದಾನದ ಕಡೆ ನೋಡುತ್ತಿದ್ದಾನೆ, ಅಪ್ಪ ಬೆರಳು ಹಿಡಿದಿದ್ದಾರೆ ಅನ್ನುವುದೇ ಅವನಿಗೆ ಗೊತ್ತಿಲ್ಲ. ಇದು ಮಗಾ? ಕೋಚ್, ಎಷ್ಟಾಯಿತು, ಹಿಂದಿನಿಂದ ಮಟೇಯೋ ಕೇಳುತ್ತಿದ್ದಾನೆ, ಅವಳು ಮುಷ್ಟಿ ತೆರೆದಳು, ಎಣಿಕೆ ನಲವತ್ತೊಂದರಲ್ಲೇ ಇದೆ, ಒಂದನ್ನೂ ಒತ್ತಿಲ್ಲ, ಕೋಚ್, ಎಷ್ಟಾಯಿತು, ಚಂದ್ರಮೋಹನ್ ಆ ಬೆರಳಿನ ತುದಿಯನ್ನು ಒತ್ತುತ್ತಾರೆ, ಉಗುರು ಬೆಳ್ಳಗಾಗುತ್ತದೆ, ಬಿಡುತ್ತಾರೆ, ಕೆಂಪಾಗುತ್ತದೆ, ಇದು, ಒತ್ತುತ್ತಾರೆ, ಬೆಳ್ಳಗೆ, ಇದು ಮಗಾ, ಬಿಡುತ್ತಾರೆ, ಕೆಂಪು, ಒತ್ತುತ್ತಾರೆ, ಬೆಳ್ಳಗೆ